ಪೋಸ್ಟ್‌ಗ್ರೆಸ್ ಖಾತೆಗೆ ಇಡೀ ಫೋಲ್ಡರ್ ಬರೆದುಕೊಡಬೇಕೇ?

ಪರ

ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಅನ್ನುವ ಡೇಟಾಬೇಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಸೋರ್ಸ್ ಕೋಡ್‌ನಿಂದ ಕಟ್ಟಿದರೆ ಅದು ಹೋಗಿ ಕೂರುವುದು /ಯುಎಸ್‌ಆರ್/ಲೋಕಲ್/ಪಿಜಿಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ. 'ಸುಡೋ ಮೇಕ್ ಇನ್‌ಸ್ಟಾಲ್' ಹೊಡೆದಿರುತ್ತೇವೆ, ಸುಡೋ ಅಂದರೆ ಮಷಿನ್‌ನ ಸರ್ವಾಧಿಕಾರಿ ಖಾತೆಯಾದ ರೂಟ್ ಹೆಸರಿನಲ್ಲಿ ಓಡಿಸುವುದು, ಹಾಗಾಗಿ ಎಲ್ಲದಕ್ಕೂ ರೂಟೇ ಒಡೆಯ. ಆದರೆ ರೂಟ್ ಆಗಿ ಸರ್ವರ್ ಶುರು ಮಾಡಲು ಹೋದರೆ ಅದು ಒಪ್ಪುವುದೇ ಇಲ್ಲ. ಬೇರೆ ಖಾತೆ ಬೇಕು, ಅದಕ್ಕೆ ಸಾಮಾನ್ಯವಾಗಿ ಪೋಸ್ಟ್‌ಗ್ರೆಸ್ ಅಂತಲೇ ಹೆಸರು. ಒಂದೇ ಸಲ ಒಡೆತನ ಬದಲಿಸುವ 'ಚೌನ್ -ಆರ್' ಕಮಾಂಡ್ ಹೊಡೆದು ಇಡೀ ಫೋಲ್ಡರನ್ನು ಪೋಸ್ಟ್‌ಗ್ರೆಸ್ ಖಾತೆಗೆ ಕೊಟ್ಟುಬಿಡಿ.

ಸೋಮಾರಿತನ ಅನ್ನಿ, ಪರವಾಗಿಲ್ಲ. ಎಕ್ಸ್‌ಟೆನ್ಶನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಕಟ್ಟುವವರಿಗೆ ಕಷ್ಟ ಗೊತ್ತು. ಪಿಜಿವೆಕ್ಟರ್ ಅನ್ನುವ ಎಕ್ಸ್‌ಟೆನ್ಶನ್ ಸೇರಿಸಲು ಸುಡೋ ಹಾಕಿದರೆ ಪಾತ್ (ಪ್ರೋಗ್ರಾಮ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಬದಲಾಗಿ, ಪೋಸ್ಟ್‌ಗ್ರೆಸ್ ಎಲ್ಲಿದೆ ಅಂತ ಹೇಳುವ ಪಿಜಿ_ಕಾನ್ಫಿಗ್ ಸಿಗುವುದಿಲ್ಲ. ಇಲ್ಲವೇ ಲಿನಕ್ಸ್ ಡಿಸ್ಟ್ರೋ ಜೊತೆ ಬಂದ ಬೇರೊಂದು ಪಿಜಿ_ಕಾನ್ಫಿಗ್ ಸಿಕ್ಕಿ, ಫೈಲುಗಳು ಪಕ್ಕದ ಮನೆ ಸೇರುತ್ತವೆ. ನಾನು ಒಮ್ಮೆ ಬರೀ ಕಟ್ಟುವ ಹಂತದ 'ಮೇಕ್'ಗೂ ಸುಡೋ ಹಾಕಿದ್ದೆ. ಮಾರನೇ ದಿನ ನನ್ನದೇ ಸೋರ್ಸ್ ಫೋಲ್ಡರ್‌ನಲ್ಲಿ ನನಗೇ 'ಪರ್ಮಿಶನ್ ಡಿನೈಡ್'!

ಭದ್ರತೆ ಅನ್ನುತ್ತೀರಾ? ಪೋಸ್ಟ್‌ಗ್ರೆಸ್ ಖಾತೆ ಕಳ್ಳನ ಕೈಗೆ ಸಿಕ್ಕರೆ ಡೇಟಾ ಪೂರ್ತಿ ಅವನದೇ. ಆಮೇಲೆ ಪ್ರೋಗ್ರಾಮ್ ಫೈಲು ಕಾಯುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಲ್ವಾ?

ವಿರೋಧ

ಸೂರೆ ಹೋದದ್ದು ಒಂದು ಕೋಟೆ. ಮಷಿನ್ ಇನ್ನೂ ಉಳಿದಿದೆಯಲ್ಲ! ಡೇಟಾ ಹೋದರೆ ಬ್ಯಾಕಪ್‌ನಿಂದ ತರಬಹುದು. ಪ್ರೋಗ್ರಾಮ್ ಫೈಲಿನೊಳಗೆ ಕಳ್ಳ ಸೇರಿಕೊಂಡರೆ, ಡೇಟಾ ವಾಪಸ್ ತಂದ ಮೇಲೂ ಅವನು ಅಲ್ಲೇ ಇರುತ್ತಾನೆ.

ವೆಬ್ ಆಪ್ ಒಂದು ಸೂಪರ್‌ಯೂಸರ್ (ಡೇಟಾಬೇಸ್ ಒಳಗೆ ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗಿ ಡೇಟಾಬೇಸ್‌ಗೆ ಹೋಗುತ್ತಿದೆ ಅಂದ್ಕೊಳ್ಳಿ. ಹೀಗೆ ಮಾಡುವವರು ಕಡಿಮೆ ಏನಿಲ್ಲ. ಅದರಲ್ಲೊಂದು ಎಸ್‌ಕ್ಯೂಎಲ್ ಇಂಜೆಕ್ಷನ್ ತೂತು, ಅಂದರೆ ಹೊರಗಿನವರು ತಮ್ಮ ಡೇಟಾಬೇಸ್ ಕಮಾಂಡ್ ನುಗ್ಗಿಸುವ ದಾರಿ. ಪೋಸ್ಟ್‌ಗ್ರೆಸ್ 9.3ರಿಂದ, ಡೇಟಾ ತುಂಬಿಸುವ-ತೆಗೆಯುವ ಕಾಪಿ ಕಮಾಂಡ್‌ಗೆ 'ಪ್ರೋಗ್ರಾಮ್' ಸೇರಿದೆ. ಸೂಪರ್‌ಯೂಸರ್ ಅದರ ಮೂಲಕ ಶೆಲ್ ಕಮಾಂಡ್ ಓಡಿಸಬಹುದು. ಅದು ಓಡುವುದು ಸರ್ವರ್ ಓಡುತ್ತಿರುವ ಖಾತೆಯ ಹೆಸರಿನಲ್ಲೇ. ಪ್ರೋಗ್ರಾಮ್ ಇರುವ ಬಿನ್ ಫೋಲ್ಡರ್ ಕೂಡ ಆ ಖಾತೆಯದೇ ಆದರೆ, ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಪಿಎಸ್‌ಕ್ಯೂಎಲ್ ಪ್ರೋಗ್ರಾಮ್ ಜಾಗದಲ್ಲಿ ಬೇರೇನೋ ಇಡುವುದು ಒಂದು ಸಾಲಿನ ಕೆಲಸ. ಮುಂದೆ ಯಾವತ್ತೋ ಅಡ್ಮಿನ್ ರೂಟ್ ಆಗಿದ್ದಾಗ ಸುಮ್ನೆ ಪಿಎಸ್‌ಕ್ಯೂಎಲ್ ಅಂತ ಟೈಪ್ ಮಾಡುತ್ತಾರೆ. ರೂಟ್ ಆಗಿ ಓಡಲ್ಲ ಅಂತ ಹಟ ಹಿಡಿಯುವುದು ಸರ್ವರ್ ಮಾತ್ರ. ಪಿಎಸ್‌ಕ್ಯೂಎಲ್‌ಗೆ ಆ ಹಟ ಇಲ್ಲ. ಹಾಗಾಗಿ ಕಳ್ಳ ಇಟ್ಟದ್ದು ರೂಟ್ ಅಧಿಕಾರದಲ್ಲಿ ಓಡುತ್ತದೆ.

ಪೋಸ್ಟ್‌ಗ್ರೆಸ್ ಕೈಪಿಡಿಯೂ ಆ ಖಾತೆಗೆ ಪ್ರೋಗ್ರಾಮ್ ಫೈಲುಗಳ ಒಡೆತನ ಬೇಡ ಅನ್ನುತ್ತದೆ. ಅದಕ್ಕೆ ಡೇಟಾ ಫೋಲ್ಡರ್ ಸಾಕು, 0700 ಅನುಮತಿಯಲ್ಲಿ (ಒಡೆಯನ ಹೊರತು ಬೇರಾರೂ ಒಳಗೆ ಹೋಗುವಂತಿಲ್ಲ). 11ನೇ ಆವೃತ್ತಿಯಿಂದ 0750 (ಒಡೆಯನ ಗುಂಪಿನವರೂ ಓದಬಹುದು) ಕೂಡ ನಡೆಯುತ್ತದೆ, ಬ್ಯಾಕಪ್ ತೆಗೆಯುವ ಖಾತೆಗೆ ಓದಲು ಅನುಕೂಲ. ಅದಕ್ಕಿಂತ ಸಡಿಲ ಬಿಟ್ಟರೆ ಸರ್ವರ್ ಏಳುವುದಿಲ್ಲ.

ಸುಡೋ ತಾಪತ್ರಯ ನಿಜ. ಮೇಕ್ ನಿಮ್ಮ ಖಾತೆಯಲ್ಲಿ ಮಾಡಿ, ಇನ್‌ಸ್ಟಾಲ್ ಮಾತ್ರ ಸುಡೋದಲ್ಲಿ, ಪಿಜಿ_ಕಾನ್ಫಿಗ್‌ಗೆ ಪೂರ್ತಿ ಪಾತ್ ಕೊಟ್ಟು. ಬರೀ ಕಲಿಯಲಿಕ್ಕಾದರೆ, ಎಲ್ಲಿ ಇನ್‌ಸ್ಟಾಲ್ ಆಗಬೇಕು ಅಂತ ಹೇಳುವ '--ಪ್ರಿಫಿಕ್ಸ್'ಗೆ ನಿಮ್ಮ ಹೋಮ್ ಫೋಲ್ಡರ್ ಕೊಡಿ, ರೂಟ್ ಹಂಗೇ ಬೇಡ. ಅಲ್ಲಿ ಎಲ್ಲ ಫೈಲೂ ನಿಮ್ಮದೇ ಇರಲಿ, ನನ್ನ ತಕರಾರಿಲ್ಲ.