ಸ್ಕ್ರಿಯಾಬಿನ್‌ನ ಎಟ್ಯೂಡ್‌ಗಳಲ್ಲಿ ಅತಿ ಕಷ್ಟದ್ದು ಯಾವುದು?

ರಷ್ಯದ ಸಂಯೋಜಕ ಸ್ಕ್ರಿಯಾಬಿನ್‌ನ ಎಟ್ಯೂಡ್‌ಗಳಲ್ಲಿ (ಪಿಯಾನೊ ತಂತ್ರವನ್ನು ಪಳಗಿಸುವ ಕಿರುಕೃತಿಗಳಲ್ಲಿ) ಓಪಸ್ 8ರ, ಅಂದರೆ ಅವನ 8ನೇ ಸಂಖ್ಯೆಯ ಕೃತಿಗುಚ್ಛದ, 12ನೆಯದೇ ಅತಿ ಕಠಿಣ ಎಂದು ಲೇಖನದಲ್ಲಿ ಬರೆದಿದ್ದೀರಿ. ಅದನ್ನು ಪೂರ್ತಿ ಒಪ್ಪಲಾರೆ. ಡಿ ಶಾರ್ಪ್ ಮೈನರ್ ಎಂಬ ಸ್ವರಶ್ರೇಣಿಯ ಆ ಕೃತಿ ನನಗೂ ಪ್ರಾಣ. ಪಿಯಾನೊ ವಾದಕ ಹೊರೊವಿಟ್ಜ್ 1986ರಲ್ಲಿ ಮಾಸ್ಕೋಗೆ ಮರಳಿ ಅದನ್ನು ನುಡಿಸಿದ್ದನ್ನು ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಬಲಗೈಯ ಆಕ್ಟೇವ್‌ಗಳು (ಎಂಟು ಸ್ವರಗಳ ಅಂತರದ ಜೋಡಿಗಳು), ಎಡಗೈಯ ದೂರದೂರದ ಜಿಗಿತಗಳು ಸುಲಭವೇನಲ್ಲ, ನಿಜ. ಆದರೆ ಕೈಗೆ ಒಮ್ಮೆ ದಾರಿ ಗೊತ್ತಾದರೆ ಆ ರಭಸವೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ.

ನಿಜವಾದ ಪರೀಕ್ಷೆ ಓಪಸ್ 42ರಲ್ಲಿದೆ. ಅದರ ಮೊದಲನೆಯದನ್ನೇ ನೋಡಿ: ಬಲಗೈ ಒಂಬತ್ತು ಸ್ವರ ನುಡಿಸುವಷ್ಟರಲ್ಲಿ ಎಡಗೈ ಐದು ನುಡಿಸಬೇಕು, ಅದೂ ಪ್ರೆಸ್ಟೊ ಎಂಬ ಅತಿ ವೇಗದಲ್ಲಿ. ಎಣಿಸುತ್ತಾ ಕೂತರೆ ಸಂಗೀತ ಸತ್ತೇಹೋಗುತ್ತದೆ. ಪ್ರತಿ ಕೈಯನ್ನೂ ಬೇರೆಯಾಗಿ, ನಿದ್ದೆಯಲ್ಲೂ ಬರುವಷ್ಟು ಪಳಗಿಸಿ, ಪ್ರತಿ ಬಾರಿನ, ಅಂದರೆ ತಾಳದ ಪ್ರತಿ ಆವರ್ತದ, ಮೊದಲ ಬಡಿತದಲ್ಲಿ ಮಾತ್ರ ಎರಡನ್ನೂ ಕೂಡಿಸುವುದೇ ನಾನು ಕಂಡುಕೊಂಡ ದಾರಿ. ಐದನೆಯದರಲ್ಲಂತೂ ಅಷ್ಟೊಂದು ಸ್ವರಗಳ ಗದ್ದಲದ ನಡುವೆ ರಾಗದ ಎಳೆ ಮುಳುಗದಂತೆ ಕಾಪಾಡಬೇಕು. ನನ್ನ ಮಟ್ಟಿಗೆ ಅವನ ಎಟ್ಯೂಡ್‌ಗಳಲ್ಲೆಲ್ಲ ಶ್ರೇಷ್ಠವಾದದ್ದು ಅದೇ.

1912ರ ಓಪಸ್ 65ರ ಬಗ್ಗೆ ನೀವು ಏನೂ ಬರೆದಿಲ್ಲ. ಅದರ ಮೊದಲನೆಯದರಲ್ಲಿ ಬಲಗೈ ಹೆಚ್ಚಾಗಿ ಒಂಬತ್ತು ಸ್ವರಗಳ ಅಂತರದ ಜೋಡಿಗಳಲ್ಲೇ ಓಡುತ್ತದೆ. ಅಷ್ಟು ದೂರ ಚಾಚಲು ಸ್ಕ್ರಿಯಾಬಿನ್‌ನ ಕೈಗಳೋ ಚಿಕ್ಕವು!

ಹೊಸಬರು ಓಪಸ್ 2ರ ಮೊದಲನೆಯದರಿಂದ ಶುರುಮಾಡಲಿ. ಹದಿಹರೆಯದಲ್ಲಿ ಬರೆದದ್ದು, ನಿಧಾನಗತಿಯದು. ಅಲ್ಲಿ ತುಂಬುಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲಿನ ಸ್ವರವನ್ನು ಕಿರುಬೆರಳಿನಿಂದ ಹಾಡಿಸುವುದು ಕಲಿತರೆ ಓಪಸ್ 8ರ 11ನೆಯದಕ್ಕೆ ಧೈರ್ಯವಾಗಿ ಕೈಹಾಕಬಹುದು.