ಎಲ್ಲಿ ಅದ ಅಂತ ಮೊದಲು ಹೇಳ್ರಿ, ಆಮೇಲೆ ಹುಡುಕ್ರಿ

ಫೈಲ್ ಸಿಗವಲ್ದು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೆಸರು ಕೇಳುವುದಿಲ್ಲ. "ಯಾವ ಫೋಲ್ಡರ್ ಕಡೆ ಇರಬಹುದು?" ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಫೈಲ್ ಹುಡುಕಿಕೊಡುವ ಫೈಂಡ್ ಕಮಾಂಡ್ ಕೆಲಸ ಮಾಡುವುದೂ ಹಾಗೇ: ಮೊದಲು ಜಾಗ ಹೇಳಬೇಕು, ಆಮೇಲೆ ಗುರುತು.

ಆದರೆ ನಮ್ಮ ಹುಡುಗರು ಕಲಿತುಬರುವುದು ಫೈಂಡ್, ಪಕ್ಕದಲ್ಲಿ ಒಂದು ಸ್ಲ್ಯಾಶ್. ಅಂದರೆ ರೂಟ್ ಅನ್ನುವ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಿಂದ ಹಿಡಿದು ಇಡೀ ಕಂಪ್ಯೂಟರ್. ಶರಣಬಸಪ್ಪನ ಜಾತ್ರೆಯಾಗ ಕೂಸು ಕಳೆದರೆ ಬೀದರ್ ಬಸ್ ಸ್ಟ್ಯಾಂಡಿನಿಂದ ಹುಡುಕುತ್ತಾ ಬಂದ ಹಾಗೆ. ಪರದೆ ತುಂಬ 'ಪರ್ಮಿಷನ್ ಡಿನೈಡ್' ಓಡುತ್ತದೆ, ಹುಡುಗ ಹೆದರಿ ಕಮಾಂಡ್ ಟೈಪ್ ಮಾಡುವ ಆ ಕಿಟಕಿ, ಟರ್ಮಿನಲ್, ಮುಚ್ಚುತ್ತಾನೆ.

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಪರಿಚಯದವರ ಝೆರಾಕ್ಸ್ ಅಂಗಡಿ ಇದೆ. ಅವರ ಹಳೇ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿಕೊಟ್ಟಿದ್ದೇನೆ. ಸಿಇಟಿ ಗದ್ದಲದಲ್ಲಿ ಒಮ್ಮೆ ಫೋನ್ ಬಂತು.

"ಸರ, ಮೊನ್ನೆ ಸ್ಕ್ಯಾನ್ ಮಾಡಿದ 371(ಜೆ) ಮೀಸಲಾತಿ ಸರ್ಟಿಫಿಕೇಟ್ ಸಿಗವಲ್ದು. ಹುಡುಗಿ ಇಲ್ಲೇ ನಿಂತಾಳ."

"ಸ್ಕ್ಯಾನ್ ಮಾಡಿದ್ದು ಎಲ್ಲಿ ಹೋಗಿ ಬೀಳ್ತಾವ?"

"ಹೋಮ್‌ನ್ಯಾಗ ಸ್ಕ್ಯಾನ್ ಅಂತ ಅದ ನೋಡ್ರಿ, ಅದರಾಗ."

ಅಷ್ಟು ಸಾಕು. ಫೈಂಡ್, ಆ ಡೈರೆಕ್ಟರಿಯ (ಅಂದರೆ ಫೋಲ್ಡರಿನ) ದಾರಿ, ಫೈಲ್ ಮಾತ್ರ ಬೇಕು ಅನ್ನಲು ಹೈಫನ್ ಟೈಪ್ ಎಫ್, ಹೆಸರು ಏನೇ ಇರಲಿ ಪಿಡಿಎಫ್ ಬೇಕು ಅನ್ನಲು ಹೈಫನ್ ಐನೇಮ್‌ಗೆ ನಕ್ಷತ್ರ ಡಾಟ್ ಪಿಡಿಎಫ್, ಕೊನೆಗೆ ಹೈಫನ್ ಎಮ್‌ಟೈಮ್ ಮೈನಸ್ 7, ಅಂದರೆ ಕಳೆದ 7 ದಿನದೊಳಗೆ ಬದಲಾದದ್ದು. ಸ್ಕ್ಯಾನರ್ ತಾನೇ ಇಟ್ಟ ಅಂಕಿ ಹೆಸರುಗಳ ಒಂದು ಸಣ್ಣ ಪಟ್ಟಿ ಬಂತು. ಮೂರ್ನಾಲ್ಕು ತೆರೆದು ನೋಡುವುದರೊಳಗೆ "ಇದೇ ರೀ, ಇದೇ" ಅಂದರು. ನಕ್ಷತ್ರದ ಸುತ್ತ ಕೋಟ್ಸ್ ಹಾಕುವುದನ್ನು ಮಾತ್ರ ಬಿಡಬೇಡಿ. ಬಿಟ್ಟರೆ ನಿಮ್ಮ ಕಮಾಂಡ್ ಮೊದಲು ಓದುವ ಶೆಲ್ ತಾನೇ ಅದನ್ನು ಬಿಡಿಸಿ, ನೀವು ನಿಂತ ಫೋಲ್ಡರಿನ ಹೆಸರುಗಳನ್ನು ತುಂಬಿ ಫೈಂಡ್ ಕೈಗೆ ಕೊಡುತ್ತದೆ.

ನಮ್ಮ ಭಾಗದವರಿಗೆ ಇನ್ನೊಂದು ಪೇಚು ಇದೆ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿ ಆಯ್ತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯ್ತು. ಫೋಲ್ಡರುಗಳಿಗೆ ಇದನ್ನು ಯಾರು ಹೇಳಬೇಕು? ಎಚ್‌ಕೆ ಒಂದು ಕಡೆ, ಕೆಕೆ ಒಂದು ಕಡೆ. ಯಾದಗಿರಿ ಜಿಲ್ಲೆಯಾದದ್ದೇ 2009ರ ಡಿಸೆಂಬರ್ 30ಕ್ಕೆ, ಅದಕ್ಕೂ ಹಿಂದಿನ ಕಾಗದಗಳು ಗುಲ್ಬರ್ಗಾ ಹೆಸರಿನಡಿಯೇ ಕೂತಿರುತ್ತವೆ. ಐನೇಮ್ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಮರೆಯುತ್ತದೆ, ಸ್ಪೆಲ್ಲಿಂಗ್ ತಿದ್ದುವುದಿಲ್ಲ. ಎರಡೂ ಹೆಸರನ್ನು ಬೇರೆ ಬೇರೆ ಐನೇಮ್‌ಗೆ ಕೊಟ್ಟು ನಡುವೆ 'ಅಥವಾ' ಅನ್ನುವ ಹೈಫನ್ ಓ ಹಾಕಿ.

ಹುಡುಕಲು ಇರುವ ಇನ್ನೊಂದು ಕಮಾಂಡ್, ಲೊಕೇಟ್, ಬೇಗ ಅಲ್ವಾ ಅಂತ ಕೇಳುವವರಿದ್ದಾರೆ. ಬೇಗ, ಖರೇ. ಅದು ನೋಡುವುದು ಮೊದಲೇ ಮಾಡಿಟ್ಟ ಪಟ್ಟಿ. ಸಾಮಾನ್ಯವಾಗಿ ದಿನಕ್ಕೊಮ್ಮೆ ಹೊಸದಾಗುವ ಆ ಪಟ್ಟಿಯಲ್ಲಿ ಈಗಷ್ಟೇ ಉಳಿಸಿದ ಫೈಲ್ ಇರುವುದಿಲ್ಲ.

ಫೈಲಿನ ಒಳಗಿನ ಮಾತು ಹುಡುಕಬೇಕಾದರೆ ಗ್ರೆಪ್ ಅನ್ನುವ ಕಮಾಂಡ್. 1973ರಲ್ಲಿ ಕೆನ್ ಥಾಂಪ್ಸನ್ ಬರೆದದ್ದು, ಇವತ್ತಿಗೂ ಗಟ್ಟಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಮಾತ್ರ ಅದು ಕೈ ಎತ್ತುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಪರದೆಯ ಮೇಲೆ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಈಗ ಮೊಬೈಲಿನಲ್ಲಿ ಬರೆಯುವ ಹಾಗೆ ಯೂನಿಕೋಡ್ ಕನ್ನಡದಲ್ಲಿ 'ಕಲಬುರಗಿ' ಕೊಟ್ಟರೆ ಒಂದೂ ಸಿಗುವುದಿಲ್ಲ. ವರ್ಡ್‌ನ ಡಾಕ್ಸ್ ಫೈಲ್ ಒಳಗೆ ಜಿಪ್ ಆಗಿರುತ್ತದೆ, ಅಲ್ಲೂ ನೇರವಾಗಿ ನಡೆಯದು. ಅಂಥ ಕಡೆ ತಾರೀಖು, ಜಾಗ, ಸೈಜು ಇವೇ ಗತಿ.

ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳಿಗೆ ಒಂದು ಮಾತು. ರೆಕಾರ್ಡ್ ಬುಕ್ಕಿಗೆ ಸಿಂಟ್ಯಾಕ್ಸ್ ಬರೆಸುವುದನ್ನು ಒಂದು ದಿನ ಬದಿಗಿಡಿ. ನ್ಯೂ, ನ್ಯೂ-1, ಫೈನಲ್, ಫೈನಲ್-ಫೈನಲ್ ಅಂತೆಲ್ಲಾ ಹೆಸರಿರುವ ಒಂದು ಗಲೀಜು ಡೈರೆಕ್ಟರಿ ಕೊಟ್ಟು, ಹೋದ ತಿಂಗಳ ಒಂದು ಫೈಲ್ ತೆಗೆದುಕೊಡಿ ಅನ್ನಿ. ಸಿಕ್ಕ ಫೈಲುಗಳನ್ನು ಅಳಿಸುವ ಡಿಲೀಟ್ ಮಾತ್ರ ಅವತ್ತೇ ಹೇಳಿಕೊಡಬೇಡಿ. ಹೈಫನ್ ಡಿಲೀಟ್ ಅನ್ನು ಹೈಫನ್ ನೇಮ್‌ಗಿಂತ ಮೊದಲು ಬರೆದರೆ ಫೈಂಡ್ ಹೆಸರು ನೋಡುವ ಮೊದಲೇ ಅಳಿಸಿಕೊಂಡು ಹೋಗುತ್ತದೆ.