ಮ್ಯಾಡ್ರಿಡ್ ಮೇಜಿನ ಸಸ್ಯಾಹಾರಿ

ಕಳೆದ ಶನಿವಾರ ರಾತ್ರಿ ನಾಟಿಂಗ್‌ಹ್ಯಾಮಿನ ಹೋಟೆಲೊಂದರ ಔತಣಕೂಟದಲ್ಲಿ ನನ್ನೊಬ್ಬನ ದೆಸೆಯಿಂದ ಒಂಬತ್ತು ಮಂದಿಯ ಊಟ ಆರಿ ತಣ್ಣಗಾಯಿತು. ಅವರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೈಸಿಕೊಂಡು ಮನೆಗೆ ಬಂದು ಮಲಗಿ ಮರೆತುಬಿಡುತ್ತಿದ್ದೆ. ಅವರು ಬೈಯುವ ಬದಲು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಮ್ಮ ತಮ್ಮ ತಟ್ಟೆಯ ಮಾಂಸದ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟುವುದನ್ನು ನೋಡುತ್ತ, ನನ್ನ ಕಣ್ಣಿಗೆ ಕಣ್ಣು ಸೇರಿದಾಗಲೆಲ್ಲ ಮುಗುಳ್ನಗುತ್ತಿದ್ದರು. ಆ ಮುಗುಳ್ನಗೆ ಐದು ದಿನವಾದರೂ ನನ್ನನ್ನು ಬಿಟ್ಟಿಲ್ಲ.

ಔತಣ ಏರ್ಪಾಡಾಗಿದ್ದು ಬ್ರಯಾನ್ ಕ್ಲಫ್ ಅವರ ಗೌರವಾರ್ಥ. ಕ್ಲಫ್ ಅವರ ಪರಿಚಯ ನನಗೆ ಆಗಿದ್ದು ಫುಟ್‌ಬಾಲಿನಿಂದಲ್ಲ, ಟ್ರಾಫಿಕ್ಕಿನಿಂದ. ಮನೆ ಡರ್ಬಿಯಲ್ಲಿ, ನೌಕರಿ ನಾಟಿಂಗ್‌ಹ್ಯಾಮಿನಲ್ಲಿ ಇರುವವನು ದಿನಕ್ಕೆರಡು ಬಾರಿ ಎ52 ಎಂಬ ಹೆದ್ದಾರಿಯನ್ನು ಅನುಭವಿಸಲೇಬೇಕು. ಆ ಎರಡು ಊರುಗಳ ನಡುವಿನ ರಸ್ತೆಗೆ 2005ರಲ್ಲಿ ‘ಬ್ರಯಾನ್ ಕ್ಲಫ್ ವೇ’ ಎಂದು ನಾಮಕರಣ ಮಾಡಿದ್ದಾರೆ. ಎರಡೂ ಊರುಗಳ ತಂಡಗಳನ್ನು ಎರಡನೆಯ ದರ್ಜೆಯಿಂದ ಎತ್ತಿ ದೇಶದ ಚಾಂಪಿಯನ್ ಮಾಡಿದ ಮನುಷ್ಯನಿಗೆ ಎರಡೂ ಊರುಗಳನ್ನು ಜೋಡಿಸುವ ರಸ್ತೆಯನ್ನು ಅರ್ಪಿಸಿದ್ದು ಸರಿಯಾಗಿಯೇ ಇದೆ. ಆದರೆ ಬೆಳಿಗ್ಗೆ ಎಂಟೂವರೆಗೆ ಆ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತವನ ಬಾಯಲ್ಲಿ ಆ ಹೆಸರು ಯಾವ ಭಾವದಲ್ಲಿ ಬರುತ್ತದೆ ಎಂಬುದನ್ನು ಸಿಲ್ಕ್ ಬೋರ್ಡಿನಲ್ಲಿ ನಿಂತವರಿಗೆ ನಾನು ವಿವರಿಸಬೇಕಾಗಿಲ್ಲ.

ಟಿಕೆಟ್ ನನ್ನ ಮೇಲಧಿಕಾರಿಯದು. ಅವರಿಗೆ ಆ ದಿನ ಬೇರೆಲ್ಲಿಗೋ ಹೋಗಬೇಕಾಗಿ ಬಂದು, 75 ಪೌಂಡಿನ ಟಿಕೆಟ್ ಹಾಳಾಗಬಾರದೆಂದು ನನ್ನ ಕೈಗಿಟ್ಟರು. ವಾರದ ಫೋನಿನಲ್ಲಿ ಅಮ್ಮನಿಗೆ ಈ ವಿಷಯ ತಿಳಿಸಿ, ಬಹಳ ದೊಡ್ಡ ಮ್ಯಾನೇಜರೊಬ್ಬರ ಹೆಸರಿನಲ್ಲಿ ಊಟ ಎಂದೆ. “ಯಾವ ಬ್ಯಾಂಕಿನವರು?” ಎಂದು ಕೇಳಿದಳು. ಬ್ಯಾಂಕಲ್ಲ, ಫುಟ್‌ಬಾಲ್ ತಂಡದ ಮ್ಯಾನೇಜರ್, ತೀರಿಕೊಂಡು ಇಪ್ಪತ್ತು ವರ್ಷ ದಾಟಿತು ಎಂದೆ. “ಹಾಗಾದ್ರೆ ಅದು ತಿಥಿ ಊಟ ಅನ್ನು. ತಿಥಿ ಊಟಕ್ಕೆ ದುಡ್ಡು ಕೊಟ್ಟು ಹೋಗೋದನ್ನ ನಾನು ಎಲ್ಲೂ ಕೇಳಿಲ್ಲಪ್ಪ. ವಡೆನಾದ್ರೂ ಹಾಕ್ತಾರಾ?” ಎಂದಳು. ನಾನು ನಕ್ಕೆ. ನಗಬಾರದಿತ್ತು.

ಸಭಾಂಗಣದಲ್ಲಿ ಸುಮಾರು ಮುನ್ನೂರು ಜನರಿದ್ದರು; ದುಂಡು ಮೇಜುಗಳ ಸುತ್ತ ಹತ್ತು ಹತ್ತು ಕುರ್ಚಿಗಳು. ಮೇಜುಗಳಿಗೆ ಸಂಖ್ಯೆ ಕೊಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಏರ್ಪಾಡು ಮಾಡಿದವರಲ್ಲಿ ಯಾರೋ ಒಬ್ಬ ರಸಿಕರು ಮೇಜುಗಳಿಗೆಲ್ಲ ಕ್ಲಫ್ ಅವರ ವಿಜಯಗಳ ನೆನಪಿನ ಹೆಸರುಗಳನ್ನು ಇಟ್ಟಿದ್ದರು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ 1979ರಲ್ಲಿ ಮ್ಯೂನಿಕ್‌ನಲ್ಲಿ ಸ್ವೀಡನ್ನಿನ ಮಾಲ್ಮೊ ತಂಡವನ್ನು 1–0ಯಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತು. ಮರುವರ್ಷ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ತಂಡವನ್ನು ಅದೇ 1–0ಯಿಂದ ಸೋಲಿಸಿ ಅದೇ ಕಪ್ಪನ್ನು ಮತ್ತೆ ಗೆದ್ದಿತು. ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು ಆ ತಂಡ ಗೆದ್ದಿರುವುದು 1978ರಲ್ಲಿ ಒಂದೇ ಒಂದು ಸಲ. ಶಾಲೆಗೆ ಒಮ್ಮೆ ಮೊದಲು ಬಂದ ಹುಡುಗ ವಿಶ್ವವಿದ್ಯಾಲಯಕ್ಕೆ ಎರಡು ಸಲ ಮೊದಲು ಬಂದಂತೆ ಇದು. ಊರಿನವರು ಅದನ್ನು ಇನ್ನೂ ನಂಬುವ ಪ್ರಯತ್ನದಲ್ಲೇ ಇರುವಂತೆ ಕಾಣುತ್ತದೆ, ಅದಕ್ಕೇ ಅಷ್ಟು ಸಲ ಹೇಳಿಕೊಳ್ಳುತ್ತಾರೆ. ನನ್ನ ಜಾಗ ಮ್ಯಾಡ್ರಿಡ್ ಮೇಜಿನಲ್ಲಿತ್ತು. ಮ್ಯೂನಿಕ್ ಎರಡು ಮೇಜುಗಳಾಚೆ ಇತ್ತು.

ನನ್ನ ಎಡಗಡೆಗೆ ಕುಳಿತಿದ್ದವರು ವಿಮಾ ಕಂಪನಿಯೊಂದರಿಂದ ನಿವೃತ್ತರಾದ, ಹಸಿರು ಟೈ ಕಟ್ಟಿದ, ದುಂಡು ಮುಖದ ಹಿರಿಯರು. ಕೈ ಕುಲುಕಿ, ನಾನು ಭಾರತದವನೆಂದು ತಿಳಿದು, ಟ್ರೆಂಟ್ ಬ್ರಿಜ್ ಕ್ರಿಕೆಟ್ ಮೈದಾನದ ವಿಷಯ ತೆಗೆದರು. ನನಗೆ ಜೀವ ಬಂದಂತಾಯಿತು. ಫಾರೆಸ್ಟ್ ತಂಡದ ಸಿಟಿ ಗ್ರೌಂಡ್ ಇರುವುದು ಟ್ರೆಂಟ್ ಬ್ರಿಜ್‌ನಿಂದ ಕೂಗಳತೆಯ ದೂರದಲ್ಲಿ, ಮತ್ತು ಆ ಊರಿನ ಬಗ್ಗೆ ನನ್ನಲ್ಲಿದ್ದ ಒಟ್ಟು ಜ್ಞಾನವೆಂದರೆ 2011ರಲ್ಲಿ ಅಲ್ಲಿ ನಮ್ಮ ದ್ರಾವಿಡ್ ಹೊಡೆದ 117 ರನ್. ಅದನ್ನು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಗದ್ದವನ್ನು ಮೇಲೆತ್ತಿ, ತೋರುಬೆರಳನ್ನು ನನ್ನ ಮೂಗಿನ ಬಳಿ ಹಿಡಿದು, ಮೂಗಿನಿಂದ ಎಳೆದೆಳೆದು ಬರುವ ಬೇರೆಯೇ ಒಂದು ಧ್ವನಿಯಲ್ಲಿ “ನೋಡು, ಯಂಗ್ ಮ್ಯಾನ್…” ಎಂದರು.

ಅದು ಕ್ಲಫ್ ಅವರ ಧ್ವನಿ. ಅಲ್ಲಿಂದ ಮುಂದೆ ಮೂರು ಗಂಟೆಗಳ ಕಾಲ ಆ ಮನುಷ್ಯರು ತಮ್ಮ ಸ್ವಂತ ಧ್ವನಿಯನ್ನು ಬಳಸಲಿಲ್ಲ. ಬ್ರೆಡ್ಡು ಬೇಕಾದಾಗ ಕ್ಲಫ್ ಆಗಿ ಕೇಳಿದರು, ಬೆಣ್ಣೆ ಗಟ್ಟಿಯಾಗಿದ್ದಾಗ ಕ್ಲಫ್ ಆಗಿ ಅದನ್ನು ಗದರಿಸಿದರು, ಉಪ್ಪಿನ ಡಬ್ಬಿ ಕೈಗೆ ಕೊಟ್ಟವರನ್ನು ಕ್ಲಫ್ ಆಗಿಯೇ ಹೊಗಳಿದರು. ನಮ್ಮ ಮೇಜಿಗೆ ಬಡಿಸುತ್ತಿದ್ದವಳು ಒಬ್ಬ ಹುಡುಗಿ. ಆದರೆ ಆ ಧ್ವನಿಯಲ್ಲಿ ಅವರಿಗೆ ಅತ್ಯಂತ ಚೆನ್ನಾಗಿ ಒಲಿದಿದ್ದ ಪದ ‘ಯಂಗ್ ಮ್ಯಾನ್’ ಒಂದೇ ಆದ್ದರಿಂದ ಅವಳೂ ರಾತ್ರಿಯಿಡೀ ಯಂಗ್ ಮ್ಯಾನ್ ಆಗಿಯೇ ಓಡಾಡಿದಳು. ಒಮ್ಮೆ ಅವರು ಎದ್ದು ಶೌಚಾಲಯಕ್ಕೆ ಹೋದಾಗ ನಾನು ನಿಟ್ಟುಸಿರು ಬಿಟ್ಟು ಬಲಗಡೆಗೆ ತಿರುಗಿದೆ. ಬಲಗಡೆಯವರು ಗದ್ದವನ್ನು ಮೇಲೆತ್ತಿ, ಬೆರಳು ತೋರಿಸಿ, “ಯಂಗ್ ಮ್ಯಾನ್…” ಎಂದರು.

ಆಗ ಸುತ್ತ ಕಿವಿಗೊಟ್ಟು ಕೇಳಿದೆ. ಇಡೀ ಸಭಾಂಗಣವೇ ಒಂದೇ ಮೂಗಿನಲ್ಲಿ ಮಾತನಾಡುತ್ತಿತ್ತು. ನಿರೂಪಕರು ಆ ಧ್ವನಿ, ಭಾಷಣಕಾರರು ಆ ಧ್ವನಿ, ಕೋಟು ತೆಗೆದಿಡುವ ಕೌಂಟರಿನಲ್ಲಿದ್ದವರೂ ಆ ಧ್ವನಿ. ನಮ್ಮ ಕನ್ನಡ ಕೂಟಗಳ ರಾಜ್ಯೋತ್ಸವದಲ್ಲಿ ಮೈಕು ಸಿಕ್ಕವರೆಲ್ಲ ಒಮ್ಮೆ ಕೈ ಜೋಡಿಸಿ “ಅಭಿಮಾನಿ ದೇವರುಗಳೇ” ಎಂದು ಅಣ್ಣಾವ್ರಾಗಿಬಿಡುವುದುಂಟು. ಆದರೆ ಅವರು ಆ ಒಂದು ವಾಕ್ಯ ಮುಗಿಸಿ, ಚಪ್ಪಾಳೆ ಪಡೆದು, ಪಾರ್ಕಿಂಗ್ ವಿಷಯವನ್ನು ತಮ್ಮ ಧ್ವನಿಯಲ್ಲೇ ಹೇಳಿ ಇಳಿಯುತ್ತಾರೆ. ಪುಳಿಯೋಗರೆಯನ್ನು ಅಣ್ಣಾವ್ರ ಧ್ವನಿಯಲ್ಲಿ ಕೇಳಿ ಹಾಕಿಸಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ. “ಈ ಕಸುಬಿನಲ್ಲಿ ನಾನೇ ಅತ್ಯುತ್ತಮ ಎನ್ನಲಾರೆ, ಆದರೆ ಮೊದಲ ಒಬ್ಬರ ಪಟ್ಟಿಯಲ್ಲಿ ನಾನಿದ್ದೇನೆ” ಎಂಬ ಕ್ಲಫ್ ಅವರ ಪ್ರಸಿದ್ಧ ಮಾತು ನಿಜಕ್ಕೂ ಚೆನ್ನಾಗಿದೆ. ಅದನ್ನು ಒಂದೇ ರಾತ್ರಿ ಏಳು ಜನರಿಂದ ಕೇಳಿದ ಮೇಲೂ ಚೆನ್ನಾಗಿದೆ ಎನ್ನುತ್ತಿದ್ದೇನೆ ಎಂದರೆ ಅದರ ಸತ್ವವನ್ನು ಊಹಿಸಿಕೊಳ್ಳಿ.

ಈ ನಡುವೆ ನಾನು ಎಲ್ಲಿ ವಾಸವಾಗಿದ್ದೇನೆ ಎಂದು ಯಾರೋ ಕೇಳಿದರು. ಡರ್ಬಿ ಎಂದೆ. ಮೇಜಿನ ಸುತ್ತ ಒಂದು ಕ್ಷಣ ಮೌನ, ಅದರ ಹಿಂದೆಯೇ ಒಂಬತ್ತು ಬಾಯಿಗಳಿಂದ ‘ಬ್ಯಾ’ ಎಂಬ ಕುರಿಯ ಕೂಗು. ಡರ್ಬಿ ತಂಡದ ಅಡ್ಡಹೆಸರು ಟಗರುಗಳು ಎಂದು; ನಾಟಿಂಗ್‌ಹ್ಯಾಮಿನವರು ಅದನ್ನು ಒಂದು ಮೆಟ್ಟಿಲು ಇಳಿಸಿ ಕುರಿ ಮಾಡಿಕೊಂಡಿದ್ದಾರೆ. ಆ ರಾತ್ರಿಯ ಮುಖ್ಯ ಖಾದ್ಯವೂ ಕುರಿಯ ಮಾಂಸವೇ ಆಗಿದ್ದುದು ಆಕಸ್ಮಿಕವಿರಲಾರದು ಎಂದು ನನಗೆ ಈಗಲೂ ಗುಮಾನಿಯಿದೆ.

ಆ ಕುರಿ ಒಂಬತ್ತು ತಟ್ಟೆಗಳಲ್ಲಿ ಬಂದು ಒಂಬತ್ತು ಜನರ ಮುಂದೆ ಕುಳಿತಿತು. ನನ್ನ ಮುಂದೆ ಏನೂ ಬರಲಿಲ್ಲ. ಸಸ್ಯಾಹಾರ ಬೇಕೆಂದು ನಾನು ಎರಡು ದಿನ ಮೊದಲೇ ಫೋನ್ ಮಾಡಿ, ಹೇಳಿ, ಅವರಿಂದ ಮರಳಿ ಹೇಳಿಸಿ ಖಚಿತಪಡಿಸಿಕೊಂಡಿದ್ದೆ. ಬಡಿಸುವ ಹುಡುಗಿ “ಇದೋ ಬಂದೆ” ಎಂದು ಹೋದವಳು ಅಡುಗೆಮನೆಯ ಬಾಗಿಲಿನಲ್ಲಿ ಮಾಯವಾದಳು. ನಾನು ಎಲ್ಲರಿಗೂ, ದಯವಿಟ್ಟು ನೀವು ಶುರು ಮಾಡಿ ಎಂದೆ. ಛೆ ಛೆ, ನಿಮ್ಮದು ಬರಲಿ ಎಂದರು. ಆರಿಹೋಗುತ್ತದೆ ಎಂದೆ. ಪರವಾಗಿಲ್ಲ, ನಮಗೆ ಆರಿದ್ದೇ ಇಷ್ಟ ಎಂದು ಎದುರಿನ ಹೆಂಗಸು ಸುಳ್ಳು ಹೇಳಿದರು. ಆಟಗಾರ ತಕರಾರು ತೆಗೆದರೆ ಏನು ಮಾಡುತ್ತೀರಿ ಎಂದು ಕೇಳಿದವರಿಗೆ ಕ್ಲಫ್, “ಕುಳಿತು ಇಪ್ಪತ್ತು ನಿಮಿಷ ಮಾತನಾಡುತ್ತೇವೆ, ಆಮೇಲೆ ನಾನು ಹೇಳಿದ್ದೇ ಸರಿ ಎಂದು ತೀರ್ಮಾನಿಸುತ್ತೇವೆ” ಎಂದಿದ್ದರಂತೆ. ನಾವೂ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಮಾತನಾಡಿ, ಅವರು ಹೇಳಿದ್ದೇ ಸರಿ ಎಂದು ತೀರ್ಮಾನಿಸಿದೆವು.

ಕಾಯುವುದು ನಮಗೇನೂ ಹೊಸದಲ್ಲ. ನಮ್ಮ ಪಂಕ್ತಿಯಲ್ಲೂ ಕೊನೆಯ ಎಲೆಗೆ ಅನ್ನ, ತೊವ್ವೆ, ತುಪ್ಪ ಬೀಳುವವರೆಗೆ ಯಾರೂ ಅನ್ನಕ್ಕೆ ಕೈ ಹಾಕುವುದಿಲ್ಲ. ಆದರೆ ಅಲ್ಲಿ ಬಡಿಸುವವನು ಸೊಂಟಕ್ಕೆ ಪಂಚೆ ಬಿಗಿದು ಓಡುತ್ತಾನೆ. ಹೆಚ್ಚೆಂದರೆ ನಾಲ್ಕು ನಿಮಿಷದ ಮಾತು. ಅಷ್ಟರಲ್ಲಿ ಪಕ್ಕದವರ ಕಣ್ಣು ತಪ್ಪಿಸಿ ಎಲೆಯ ಮೂಲೆಯಿಂದ ಎರಡು ಕಾಳು ಕೋಸಂಬರಿಯನ್ನು ಬಾಯಿಗೆ ಹಾಕಿಕೊಳ್ಳುವ ಅನುಕೂಲವೂ ಇದೆ. ಇಲ್ಲಿ ನನ್ನ ಮುಂದಿದ್ದುದು ಎರಡು ಫೋರ್ಕು, ಎರಡು ಚಾಕು, ಮತ್ತು ಹೂವಿನ ಆಕಾರದಲ್ಲಿ ಮಡಿಸಿಟ್ಟ ಕರವಸ್ತ್ರ. ಎಡಗಡೆಯ ಹಿರಿಯರು ಮಾತ್ರ ಈ ಅವಧಿಯನ್ನು ವ್ಯರ್ಥ ಮಾಡಲಿಲ್ಲ. 1979ರ ಲೀಗ್ ಕಪ್ ಫೈನಲ್ಲಿನ ಹಿಂದಿನ ರಾತ್ರಿ ಕ್ಲಫ್ ತಮ್ಮ ಆಟಗಾರರನ್ನು ಮಲಗಲು ಬಿಡದೆ ಹೋಟೆಲಿನಲ್ಲಿ ಕೂಡಿಹಾಕಿ ಶಾಂಪೇನ್ ಕುಡಿಸಿದ್ದನ್ನೂ, ಮರುದಿನ ಅದೇ ಆಟಗಾರರು ಸೌತಾಂಪ್ಟನ್ ತಂಡವನ್ನು 3–2ರಿಂದ ಸೋಲಿಸಿದ್ದನ್ನೂ ಕ್ಲಫ್ ಅವರ ಧ್ವನಿಯಲ್ಲೇ ವರ್ಣಿಸಿದರು. ಖಾಲಿ ಹೊಟ್ಟೆಯಲ್ಲಿ ಆ ಕಥೆ ಕೇಳುವುದು ಸುಲಭವಲ್ಲ, ಏಕೆಂದರೆ ಅವರಿಗೆ ಕುಡಿಯುವುದಕ್ಕಾದರೂ ಸಿಕ್ಕಿತ್ತಲ್ಲ ಎಂದೇ ಅನ್ನಿಸುತ್ತದೆ.

ಕೊನೆಗೆ ಹುಡುಗಿ ಮರಳಿ ಬಂದು ನಡೆದದ್ದನ್ನು ತಿಳಿಸಿದಳು. ಅಡುಗೆಮನೆಯಿಂದ ನನ್ನ ತಟ್ಟೆ ಸರಿಯಾದ ವೇಳೆಗೇ ಹೊರಟಿತ್ತು. ಆದರೆ ಹೊತ್ತವನು ಅದನ್ನು ಮ್ಯಾಡ್ರಿಡ್‌ಗೆ ತರುವ ಬದಲು ಮ್ಯೂನಿಕ್‌ಗೆ ಒಯ್ದಿದ್ದ. ಅಲ್ಲಿ ಯಾರೋ ಒಬ್ಬರು, ಇದೇನೋ ವಿಶೇಷ ಇರಬೇಕು ಎಂದುಕೊಂಡು ಅದನ್ನು ಪೂರ್ತಿ ತಿಂದು, ಆಮೇಲೆ ತಮ್ಮ ಪಾಲಿನ ಕುರಿಯನ್ನೂ ತರಿಸಿಕೊಂಡು ತಿಂದಿದ್ದರು. ಆ ಹುಡುಗನನ್ನು ನಾನು ದೂರಲಾರೆ. ಎರಡೂ ‘ಮ’ಕಾರದ ಊರುಗಳು, ಎರಡೂ 1–0. ನಲವತ್ತೈದು ವರ್ಷಗಳ ಹಿಂದಿನ ಫೈನಲ್ ಪಂದ್ಯಗಳನ್ನು ಓದಿಕೊಂಡು ಬಂದರಷ್ಟೇ ಊಟ ಬಡಿಸಬಹುದು ಎಂಬ ಸ್ಥಿತಿಯಲ್ಲಿ ಅವನನ್ನು ನಿಲ್ಲಿಸಿದವರು ಬೇರೆ.

ಹೊಸ ತಟ್ಟೆ ಬಂದ ಗಳಿಗೆಯಲ್ಲೇ ದೀಪಗಳು ಆರಿದವು. ಪರದೆಯ ಮೇಲೆ ಮ್ಯೂನಿಕ್‌ನ ಗೋಲು ಮೂಡಿತು. ಎಡ ಅಂಚಿನಿಂದ ಜಾನ್ ರಾಬರ್ಟ್‌ಸನ್ ಎತ್ತಿ ಕಳಿಸಿದ ಚೆಂಡಿಗೆ, ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರ ಟ್ರೆವರ್ ಫ್ರಾನ್ಸಿಸ್ ದೂರದ ಗೋಲುಕಂಬದ ಬಳಿ ಬಾಗಿ ತಲೆಕೊಟ್ಟರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಫೋರ್ಕು ಕೆಳಗಿಟ್ಟು ಎದ್ದೆ. ಕೂತೆ. ಮ್ಯಾಡ್ರಿಡ್‌ನ ಗೋಲು ಬಂತು. ನಮ್ಮ ಮೇಜಿನದೇ ಗೋಲು ಎಂಬ ಅಭಿಮಾನದಿಂದ ಇನ್ನೂ ಹೆಚ್ಚು ಹೊತ್ತು ನಿಂತೆವು. ಆ ಕತ್ತಲಲ್ಲಿ ನಾನು ತಿಂದದ್ದು ಅಣಬೆಯ ರಿಸೊಟ್ಟೊ. ಬಿಸಿಬೇಳೆಬಾತಿಗೆ ದೂರದ ಸಂಬಂಧಿಕರಿದ್ದು, ಅವರಿಗೆ ಬೇಳೆ, ಹುಣಸೆ, ಮೆಣಸಿನಕಾಯಿ ಎಲ್ಲವನ್ನೂ ವೈದ್ಯರು ನಿಷೇಧಿಸಿದ್ದರೆ ಹೇಗಿರುತ್ತಾರೋ ಹಾಗಿತ್ತು.

ದೀಪ ಬಂದಾಗ ಎಡಗಡೆಯ ಹಿರಿಯರು ಸುಮ್ಮನೆ ಕುಳಿತಿದ್ದರು. ಪರದೆಯ ಮೇಲೆ ಕೊನೆಯದಾಗಿ ಉಳಿದಿದ್ದ ಚಿತ್ರದಲ್ಲಿ ಕ್ಲಫ್ ಅವರ ಪಕ್ಕ ಪೀಟರ್ ಟೇಲರ್ ನಿಂತಿದ್ದರು. ಟೇಲರ್ ಅವರ ಜೊತೆಗಾರ. ಡರ್ಬಿಯಲ್ಲೂ ಇಲ್ಲೂ ಆಟಗಾರರನ್ನು ಹುಡುಕಿ ತಂದದ್ದು ಹೆಚ್ಚಾಗಿ ಟೇಲರ್ ಅವರ ಕಣ್ಣು. 1983ರಲ್ಲಿ ಡರ್ಬಿಯ ಮ್ಯಾನೇಜರ್ ಆಗಿದ್ದ ಟೇಲರ್, ಕ್ಲಫ್ ಅವರಿಗೆ ಒಂದು ಮಾತೂ ಹೇಳದೆ ಅದೇ ರಾಬರ್ಟ್‌ಸನ್‌ರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರೆಂದು ಇಬ್ಬರೂ ಮಾತು ಬಿಟ್ಟರು. 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ಆ ಮಾತು ಕೂಡಲಿಲ್ಲ. ಈಗ ಸಿಟಿ ಗ್ರೌಂಡ್‌ನಲ್ಲಿ ಒಂದು ಪಕ್ಕದ ಸ್ಟ್ಯಾಂಡಿಗೆ ಕ್ಲಫ್ ಅವರ ಹೆಸರು, ಎದುರಿನ ಸ್ಟ್ಯಾಂಡಿಗೆ ಟೇಲರ್ ಅವರ ಹೆಸರು.

“ನಾನು ಬಿಟ್ಟುಹೋದರೆ ನಿನ್ನ ಬದುಕಿನಲ್ಲಿ ಇಷ್ಟು ನಗು ಇರುವುದಿಲ್ಲ ಎಂದು ಟೇಲರ್ ಹೇಳಿದ್ದರಂತೆ. ಅದು ನಿಜವಾಯಿತು ಎಂದು ಆಮೇಲೆ ಕ್ಲಫ್ ಅವರೇ ಬರೆದರು” ಎಂದರು ಹಿರಿಯರು. ಅದನ್ನು ಅವರು ತಮ್ಮದೇ ಧ್ವನಿಯಲ್ಲಿ ಹೇಳಿದರು. ತೆಳುವಾದ, ಸ್ವಲ್ಪ ಒಡಕಾದ, ವಿಮಾ ಕಂತಿನ ತಾರೀಖನ್ನು ನೆನಪಿಸುವವರ ಧ್ವನಿ. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರ ತಟ್ಟೆಯಲ್ಲಿ ತಣ್ಣಗಾದ ಕುರಿ ಮುಕ್ಕಾಲು ಪಾಲು ಹಾಗೇ ಇತ್ತು. ಕಾಫಿ ಬಂದಾಗ ಅವರು ಮತ್ತೆ ಗದ್ದ ಎತ್ತಿದರು, ಮತ್ತು ನಾನು ಒಳಗೊಳಗೇ ಸಮಾಧಾನಪಟ್ಟೆ.

ಹಿಂತಿರುಗುವಾಗ ಬ್ರಯಾನ್ ಕ್ಲಫ್ ವೇ ರಾತ್ರಿಯ ದುರಸ್ತಿಗಾಗಿ ಮುಚ್ಚಿತ್ತು. ಹಳದಿ ಬಾಣದ ಗುರುತುಗಳನ್ನು ಹಿಂಬಾಲಿಸಿ, ನನಗೆ ಹೆಸರೂ ತಿಳಿಯದ ಹಳ್ಳಿಗಳನ್ನು ಸುತ್ತಿ, ಮನೆ ಸೇರುವಾಗ ಹನ್ನೆರಡೂವರೆ. ಹೆಂಡತಿ ಎಚ್ಚರವಾಗಿಯೇ ಇದ್ದಳು. ಊಟ ಹೇಗಿತ್ತು ಎಂದು ಕೇಳಿದಳು. ಅದೇನಾಯಿತೋ, ನಾನು ಬಾಗಿಲಿಗೆ ಒರಗಿ, ಗದ್ದ ಮೇಲೆತ್ತಿ, ಬೆರಳು ತೋರಿಸಿ, ಮೂಗಿನಲ್ಲಿ ಎಳೆದು, “ಅತ್ಯುತ್ತಮ ಎನ್ನಲಾರೆ, ಯಂಗ್ ಮ್ಯಾನ್…” ಎಂದು ಆರಂಭಿಸಿದೆ.

ಅವಳು ನನ್ನ ಹಣೆ ಮುಟ್ಟಿ ನೋಡಿದಳು. “ಶೀತ ಆಗಿದೆಯೇನ್ರೀ? ಮೂಗು ಪೂರ್ತಿ ಕಟ್ಟಿದೆಯಲ್ಲ. ಮೆಣಸಿನ ಸಾರಿದೆ, ಅನ್ನಾನೂ ಇದೆ, ಬಿಸಿ ಮಾಡ್ಲಾ?”

ತುಂಬಾ ಶೀತ ಎಂದೆ.